ಬಟ್ಟೆಯ ಹಿಂಬದಿ

ಭಾನುವಾರ, ಹನ್ನೊಂದನೇ ತಾರೀಖು
ಬೆಳಿಗ್ಗೆ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಮೊದಲು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಕಾಗುಣಿತವಂತೂ ಕೇಳಲೇಬೇಡ. ಒತ್ತಕ್ಷರ ಬರುವ ಕಡೆ ಕೈ ತಾನಾಗಿ ನಿಧಾನವಾಗುತ್ತದೆ, ಗುಂಡಿ ಕಂಡ ಸೈಕಲ್ಲಿನ ಹಾಗೆ. ಓದಲು ಕಷ್ಟವಾದರೆ ಬಾಯಿಬಿಟ್ಟು ಓದು. ನಾನೂ ಬಾಯಿಬಿಟ್ಟು ಹೇಳಿಕೊಂಡೇ ಬರೆಯುತ್ತಿದ್ದೇನೆ.

ತಡವಾದದ್ದಕ್ಕೂ ಕ್ಷಮಿಸು. ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಅದನ್ನು ಅಂಗಡಿಯಲ್ಲಿ ಸೂಜಿ ಡಬ್ಬಿಯ ಕೆಳಗೆ ಇಟ್ಟಿದ್ದೆ. ದಿನಾ ಡಬ್ಬಿ ಎತ್ತಿದಾಗ ಕಾಣುತ್ತಿತ್ತು, ದಿನಾ ನಾಳೆ ಬರೆದರಾಯಿತು ಅಂದುಕೊಳ್ಳುತ್ತಿದ್ದೆ. ಅಮ್ಮ ನೋಡಿ ನೋಡಿ ಸಾಕಾಗಿ, "ಅವಳು ಕಾಗದ ಬರೆದಿರೋದು ನಿನಗೆ, ಡಬ್ಬಿಗಲ್ಲ" ಅಂದಳು.

ಅಮ್ಮ ಚೆನ್ನಾಗಿದ್ದಾಳೆ. ಅವಳು ಹಾಸಿಗೆ ಹಿಡಿದಿದ್ದ ಆ ಐದು ವರ್ಷ ನೆನೆಸಿಕೊಂಡರೆ ಈಗಿನ ಮಂಡಿನೋವು ಏನೇನೂ ಅಲ್ಲ. ಮೊದಲೆಲ್ಲ ಮೆಟ್ಟಿಲು ಹತ್ತುವಾಗ ಮಂಡಿಯನ್ನು ಬೈಯುತ್ತಿದ್ದಳು, ಈಗ ಮೆಟ್ಟಿಲನ್ನು ಬೈಯುತ್ತಾಳೆ. ಸೋದರಮಾವನೂ ಗಟ್ಟಿಯಾಗಿದ್ದಾನೆ. ಅಂಗಡಿಯ ಕಿಟಕಿಗೆ ಹೊಸ ಗಾಜು ಹಾಕಿಸಿದ್ದಾನೆ. ಹಳೆಯದರಲ್ಲಿ ಬಿರುಕಿತ್ತು, ಅದರ ನೆರಳು ಬಟ್ಟೆಯ ಮೇಲೆ ಎಳೆಯ ಹಾಗೆ ಬಿದ್ದು ಮಾವ ಎಷ್ಟೋ ಸಲ ಅದನ್ನೇ ಸೂಜಿಯಿಂದ ಎತ್ತಲು ಹೋಗಿದ್ದ.

ನನ್ನ ಕ್ಲಾಸಿನ ಸುದ್ದಿ ಅಮ್ಮ ಫೋನಿನಲ್ಲಿ ಹೇಳಿದ ಮೇಲೆ ನೀನು ಎರಡು ವಿಷಯ ಕೇಳಿದ್ದೆ. ನಿನ್ನ ಶಾಲೆಯ ಏಳನೇ ತರಗತಿ ಮಕ್ಕಳಿಂದ ಬ್ಲಾಗ್ ಬರೆಸಬೇಕು ಎಂದು ಹೆಡ್‌ಮಾಸ್ಟರು ಹೇಳಿದ್ದಾರೆ, ನಿಮ್ಮ ಗ್ರಂಥಾಲಯದ ಕ್ಲಾಸಿನಲ್ಲಿ ಅದನ್ನು ಹೇಗೆ ನಡೆಸುತ್ತಾರೆ, ತಿಳಿಸು ಅಂದಿದ್ದೆ. ಆಮೇಲೆ, ನಿನ್ನ ಬ್ಲಾಗಿನ ಹೆಸರೇನು, ನಾನೂ ಓದುತ್ತೇನೆ ಅಂದಿದ್ದೆ. ಮೊದಲನೆಯದಕ್ಕೆ ಉತ್ತರ ಸಲೀಸು. ಎರಡನೆಯದಕ್ಕೇ ಎರಡು ತಿಂಗಳು ಹಿಡಿದದ್ದು. ಇಲ್ಲಿಯವರೆಗೆ ಮುನ್ನೂರು ಜನ ಗುರುತಿಲ್ಲದವರು ಓದಿದ್ದಾರೆ, ನನಗೆ ಭಯವಾಗಲಿಲ್ಲ. ನೀನೊಬ್ಬಳು ಓದುತ್ತೇನೆ ಅಂದಾಗ ಪತ್ರವನ್ನೇ ಡಬ್ಬಿಯ ಕೆಳಗೆ ತಳ್ಳಿದೆ. ನಡೆದದ್ದನ್ನೆಲ್ಲ ಮೊದಲು ಹೇಳುತ್ತೇನೆ. ಮುಗಿಯುವ ಹೊತ್ತಿಗೆ ಧೈರ್ಯ ಉಳಿದಿದ್ದರೆ ಹೆಸರೂ ಬರೆಯುತ್ತೇನೆ.

ಎಲ್ಲ ಶುರುವಾದದ್ದು ಒಂದು ಶಾಲಿನಿಂದ. ಗ್ರಂಥಾಲಯದ ಮೇಡಂ ನುಸಿ ತಿಂದ ಉಣ್ಣೆ ಶಾಲು ತಂದಿದ್ದರು. ಮಾವ ಅದನ್ನು ನನಗೆ ಕೊಟ್ಟ, ನಾನು ರಫು ಮಾಡಿದೆ. ಮೇಡಂ ಬಂದು ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ನೋಡಿದರು, ಬೆರಳಿನಲ್ಲಿ ಸವರಿ ನೋಡಿದರು.

"ತೂತು ಎಲ್ಲಿತ್ತು?" ಅಂದರು. ತೋರಿಸಿದೆ.

"ಹೇಗೆ ಮುಚ್ಚಿದೆ?" ಅಂದರು. ನಾನು ನೆಲ ನೋಡಿದೆ. ನಿನಗೆ ಗೊತ್ತಲ್ಲ, ಗಿರಾಕಿ ನನ್ನ ಹೆಸರು ಕೇಳಿದರೂ ನನಗೆ ನೆನಪಾಗುವುದಿಲ್ಲ.

"ಹೇಳೋಕೆ ಆಗದಿದ್ರೆ ಬರೆದು ಕೊಡು."

"ನಾನು ಓದಿದ್ದು ಐದನೇ ಕ್ಲಾಸು ಮೇಡಂ."

"ನಾನು ಕ್ಲಾಸು ಕೇಳಲಿಲ್ಲಮ್ಮ, ತೂತು ಕೇಳಿದೆ" ಅಂದರು.

ಹೀಗೆ ಭಾನುವಾರದ ಕ್ಲಾಸಿಗೆ ಸೇರಿಕೊಂಡೆ. ಗ್ರಂಥಾಲಯದ ಮಹಡಿಯಲ್ಲಿ ಐದು ಕಂಪ್ಯೂಟರು, ನಾವು ಆರು ಜನ. ಯಾರಾದರೂ ಒಬ್ಬರು ಇನ್ನೊಬ್ಬರ ಪಕ್ಕ ಕೂತು ಅವರು ತಪ್ಪು ಒತ್ತುವುದನ್ನು ನೋಡುತ್ತಲೇ ಇರಬೇಕು. ಬೀಗ ರಿಪೇರಿಯವರು ಒಬ್ಬರು ಬರುತ್ತಾರೆ, ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಅಡುಗೆಯಕ್ಕ ಬರುತ್ತಾರೆ. ಎಲ್ಲರೂ ನನ್ನ ಹಾಗೇ ಅರ್ಧಕ್ಕೆ ಓದು ಬಿಟ್ಟವರು.

ಮೇಡಂ ಇಟ್ಟಿರುವ ಕಟ್ಟಳೆ ಇಷ್ಟೇ, ನಿನ್ನ ಮಕ್ಕಳಿಗೂ ಉಪಯೋಗವಾಗಬಹುದು. ಆ ವಾರ ಕೈಯಾರೆ ಮಾಡಿದ ಒಂದು ಕೆಲಸದ ಬಗ್ಗೆ ಬರೆಯಬೇಕು, ಒಂದು ಫೋಟೊ ಹಾಕಬೇಕು. ಅದರ ಕೆಳಗೆ ಉಳಿದವರೆಲ್ಲ ಒಂದೊಂದು ಪ್ರಶ್ನೆ ಕೇಳಬೇಕು. ಪ್ರಶ್ನೆ ಮಾತ್ರ. ಚೆನ್ನಾಗಿದೆ ಎಂದು ಬರೆಯುವ ಹಾಗಿಲ್ಲ, ತಪ್ಪು ತಿದ್ದುವ ಹಾಗೂ ಇಲ್ಲ.

"ಚೆನ್ನಾಗಿದೆ ಅಂದ್ರೂ ಮಾತು ಮುಗೀತು, ತಪ್ಪು ಅಂದ್ರೂ ಮಾತು ಮುಗೀತು. ಕೇಳಿದ್ರೆ ತಾನೆ ಅವರು ಇನ್ನೊಂದು ಸಾಲು ಬರೆಯೋದು" ಅಂದರು ಮೇಡಂ.

"ಹಾಗಾದ್ರೆ ಇದನ್ನ ಮದುವೆಗೆ ಮೊದಲೇ ಕಲಿಸಬೇಕಿತ್ತು ಮೇಡಂ" ಅಂದರು ಬೀಗದವರು.

ನನ್ನ ಮೊದಲ ಬರಹ ಹನ್ನೆರಡು ಸಾಲು. ಮೂರು ಭಾನುವಾರ ಹಿಡಿಯಿತು. ಒಂದು ಅಕ್ಷರ ಎಲ್ಲಿದೆಯೆಂದು ಹುಡುಕಿ ಒತ್ತುವಷ್ಟರಲ್ಲಿ ಏನು ಹೇಳಲು ಹೊರಟಿದ್ದೆ ಎಂಬುದೇ ಮರೆತುಹೋಗುತ್ತಿತ್ತು. ಬೂದು ಬಣ್ಣದ ಪ್ಯಾಂಟಿನ ಮೇಲೆ ಕಿಡಿ ಬಿದ್ದು ಕಡಲೆಕಾಳಿನಷ್ಟು ತೂತಾಗಿತ್ತು. ಆ ಪ್ಯಾಂಟಿನದೇ ಒಳಮಡಿಕೆಯಿಂದ ಎಳೆ ಬಿಡಿಸಿ, ಹಾಸಿನ ಜಾಗಕ್ಕೆ ಹಾಸು, ಹೊಕ್ಕಿನ ಜಾಗಕ್ಕೆ ಹೊಕ್ಕು ಸೇರಿಸುತ್ತಾ ತೂತಿನ ಮೇಲೆ ಮತ್ತೆ ಬಟ್ಟೆ ನೇಯ್ದದ್ದನ್ನು ಬರೆದೆ. ಮುಗಿದ ಪ್ಯಾಂಟಿನ ಫೋಟೊ ಹಾಕಿದೆ. ಪ್ರಶ್ನೆಗಳಿಗೆ ಕಾಯುತ್ತಾ ಕೂತೆ.

ಬೀಗದವರು ಕೇಳಿದರು: "ಫೋಟೊ ಮರೆತು ಬೇರೆ ಹಾಕಿದ್ದೀರಾ? ಇಲ್ಲಿ ಬರೀ ಪ್ಯಾಂಟಿದೆ."

ಅಡುಗೆಯಕ್ಕ ಕೇಳಿದರು: "ತೂತು ಯಾವ ಕಾಲಿಗಮ್ಮ?"

ಇನ್ನೊಬ್ಬರು ಕೇಳಿದರು: "ತೂತು ಇದ್ದದ್ದು ನಿಜವೇ?"

ಮೊದಲು ನನಗೆ ಅಳು ಬಂತು, ಆಮೇಲೆ ನಗು ಬಂತು, ಕೊನೆಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಡುಗೆಯಕ್ಕನ ಫೋಟೊದಲ್ಲಿ ಆಳೆತ್ತರದ ಪಾತ್ರೆ, ಬೀಗದವರ ಫೋಟೊದಲ್ಲಿ ಬಿಚ್ಚಿ ಹರಡಿದ ಬೀಗ, ನನ್ನದರಲ್ಲಿ ಪ್ಯಾಂಟು. ನಮ್ಮ ಕಸುಬಿನ ಹಣೆಬರಹವೇ ಅದು. ಚೆನ್ನಾಗಿ ಮಾಡಿದಷ್ಟೂ ತೋರಿಸಲು ಏನೂ ಉಳಿಯುವುದಿಲ್ಲ.

ಮೇಡಂ ಕೊನೆಯಲ್ಲಿ ಒಂದು ಪ್ರಶ್ನೆ ಬರೆದರು: "ಮುಂದೆ ಕಾಣುವುದಿಲ್ಲ, ಸರಿ. ಹಿಂದೆ ಕಾಣುತ್ತದೆಯೇ?"

ಕಾಣುತ್ತದೆ ಅಕ್ಕ. ಹಿಂಬದಿಯಲ್ಲಿ ಎಲ್ಲವೂ ಕಾಣುತ್ತದೆ. ಪ್ರತಿ ಎಳೆಯ ಬಾಲ, ಎಲ್ಲಿ ಶುರುಮಾಡಿದೆ, ಎಲ್ಲಿ ಕೈ ತಡವರಿಸಿತು, ಎಲ್ಲ. ಆದರೆ ಅದನ್ನು ತೋರಿಸುವ ಹಾಗಿಲ್ಲ. ಗಿರಾಕಿಗೆ ಬಟ್ಟೆಯನ್ನು ಮುಖ ಮೇಲೆ ಮಾಡಿಯೇ ಕೊಡಬೇಕು. ಇನ್ನೊಬ್ಬರು ಮಾಡಿದ ರಫುವನ್ನು ತಿರುಗಿಸಿ ನೋಡುವುದಂತೂ ಅವರ ಮುಖಕ್ಕೆ ಉಗಿದ ಹಾಗೆ. ಆರು ವರ್ಷದಲ್ಲಿ ಮಾವ ನಾನು ಮಾಡಿದ ಒಂದು ಬಟ್ಟೆಯನ್ನೂ ತಿರುಗಿಸಿ ನೋಡಿರಲಿಲ್ಲ, ನಾನೂ ಅವನದನ್ನು ನೋಡಿರಲಿಲ್ಲ. ಅದು ಅವನು ನನಗೆ ಕೊಟ್ಟ ಮರ್ಯಾದೆ. ಕಲಿಸುವಾಗಲೂ ಬಾಯಲ್ಲಿ ಹೇಳಿದವನಲ್ಲ. "ನೋಡ್ತಾ ಇರು, ಬರುತ್ತೆ" ಅಷ್ಟೇ.

ಬಂತು ಕೂಡ. ಒಂದು ಮಾತ್ರ ಬರಲಿಲ್ಲ, ಓರೆ ನೇಯ್ಗೆ. ನಿನ್ನ ಶಾಲೆಯ ಮಕ್ಕಳ ದಪ್ಪ ಪ್ಯಾಂಟು ಹತ್ತಿರದಿಂದ ನೋಡು, ಸಣ್ಣ ಸಣ್ಣ ಗೆರೆ ಓರೆಯಾಗಿ ಇಳಿದಿರುತ್ತವೆ, ಅದು. ಅಂಥ ಬಟ್ಟೆಯಲ್ಲಿ ನಾನು ಮುಚ್ಚಿದ ಜಾಗ ನೇರ ನೋಡಿದರೆ ಕಾಣುವುದಿಲ್ಲ, ಆದರೆ ಕಿಟಕಿಯ ಓರೆ ಬೆಳಕಿಗೆ ಹಿಡಿದರೆ ನೆರಳಿನ ಹಾಗೆ ಎದ್ದು ಕಾಣುತ್ತಿತ್ತು. ಎಳೆ ಬಿಗಿಯಾಯಿತೇನೋ ಎಂದು ಸಡಿಲ ಬಿಟ್ಟೆ, ಸಡಿಲವಾಯಿತೇನೋ ಎಂದು ಬಿಗಿ ಮಾಡಿದೆ. ಮಾವ ಏನೂ ಅನ್ನದೆ ಕೋಟುಗಳನ್ನು ತನ್ನ ಕಡೆಗೂ ಸಾದಾ ಬಟ್ಟೆಗಳನ್ನು ನನ್ನ ಕಡೆಗೂ ಹಾಕತೊಡಗಿದ. ನನಗೆ ಓದು ಹತ್ತಲಿಲ್ಲ, ಇದೂ ಹತ್ತುವುದಿಲ್ಲ ಎಂದು ನಾನೂ ಸುಮ್ಮನಾಗಿದ್ದೆ.

ಮೇಡಂ ಪ್ರಶ್ನೆಗೆ ಉತ್ತರ ಕೊಡಬೇಕಲ್ಲ. ಗಿರಾಕಿಯ ಬಟ್ಟೆ ತೋರಿಸಲು ಮನಸ್ಸಾಗಲಿಲ್ಲ. ನಾನೇ ರಫು ಮಾಡಿಕೊಂಡಿದ್ದ ನನ್ನ ಹಳೆಯ ಕೋಟಿನ ತೋಳು ತಿರುಗಿಸಿ, ಹಿಂಬದಿಯ ಫೋಟೊ ತೆಗೆದು ಹಾಕಿದೆ. ಕೆಳಗೆ ಬರೆದೆ: "ಇದು ಓರೆ ನೇಯ್ಗೆ. ಇದು ನನಗೆ ಬರುವುದಿಲ್ಲ. ಯಾಕೆ ಬರುವುದಿಲ್ಲ ಎಂದೂ ಗೊತ್ತಿಲ್ಲ."

ಮೂರನೇ ದಿನ ಟೀ ಅಂಗಡಿಯವರು ಗ್ಲಾಸು ಇಡುತ್ತಾ, "ಏನು ಯಜಮಾನರೇ, ನಿಮ್ಮ ಅಕ್ಕನ ಮಗಳು ಫೋನಲ್ಲೆಲ್ಲ ಬಂದುಬಿಟ್ಟಿದ್ದಾಳೆ" ಎಂದು ಅಷ್ಟನ್ನೂ ಗಟ್ಟಿಯಾಗಿ ಓದಿ ಹೇಳಿದರು. ಮಾವನ ಕೈಯ ಸೂಜಿ ನಿಂತಿತು. ಟೀ ಅಂಗಡಿಯವರು ಹೋದಮೇಲೆ ನನ್ನ ಕಡೆ ತಿರುಗಿದ.

"ಎಲ್ಲರ ಮನೆಗೂ ಹಿತ್ತಲು ಇರುತ್ತೆ. ಬಂದವರನ್ನ ಮುಂದಿನ ಕೋಣೇಲಿ ಕೂರಿಸ್ತಾರೋ, ಹಿತ್ತಲಲ್ಲಿ ಕೂರಿಸ್ತಾರೋ?"

ನಾನು ಮುಂದಿದ್ದ ಬಟ್ಟೆ ಮಡಚಿಟ್ಟೆ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲು ಅಂತ ಕೇಳಿದ್ದೆ. ನನಗೆ ಕುಣಿಯೋಕೆ ಬರಲ್ಲ ಅಂತ ಡಂಗುರ ಸಾರಿದವಳನ್ನ ಇವತ್ತೇ ನೋಡಿದ್ದು. ಅಂಗಡಿ ಮರ್ಯಾದೆ ಅನ್ನೋದು ಬೇಡವಾ? ಸೂಜಿ ಬೇಕೋ, ಆ ಬರೆಯೋದು ಬೇಕೋ, ಭಾನುವಾರದೊಳಗೆ ಹೇಳು."

ನನಗೆ ಎರಡೂ ಬೇಕಿತ್ತು ಅಕ್ಕ. ಸೂಜಿ ಹಿಡಿದಾಗ ಮಾತ್ರ ನನ್ನ ಕೈ ನಡುಗುವುದಿಲ್ಲ, ಬರೆಯುವಾಗ ಮಾತ್ರ ನನಗೆ ಮಾತು ಬರುತ್ತದೆ. ಯಾವುದನ್ನು ಬಿಡಲಿ? ಅಮ್ಮ ಮಾವನ ಹತ್ತಿರ ಹೋಗಿ ಏನೋ ಹೇಳಿದಳು. "ನೀನು ಸುಮ್ಮನಿರಕ್ಕ, ಇದು ಕಸುಬಿನ ಮಾತು" ಅಂದನಂತೆ.

ಶುಕ್ರವಾರ ಬೆಳಿಗ್ಗೆ ಅಂಗಡಿಯಲ್ಲಿ ಕೂತು ಫೋನು ತೆರೆದರೆ ಬ್ಲಾಗಿನಲ್ಲಿ ಹೊಸಬರ ಪ್ರಶ್ನೆ ಬಂದಿತ್ತು. ಹೆಸರಿನ ಜಾಗದಲ್ಲಿ ಕೋಟಜ್ಜಿ ಎಂದಿತ್ತು. ಯಾವ ಊರಿನವರೋ ಇಂದಿಗೂ ಗೊತ್ತಿಲ್ಲ, ನಲವತ್ತು ವರ್ಷ ಕೋಟು ರಿಪೇರಿ ಮಾಡಿದವರಂತೆ. ಅವರು ಕೇಳಿದ್ದು ಇಷ್ಟೇ: "ಮಗಳೇ, ನೀನು ಬಲಗೈಯವಳೇ? ನಿನಗೆ ಕಲಿಸಿದವರು ನಿನ್ನ ಎದುರಿಗೆ ಕೂರುತ್ತಾರೆಯೇ?"

ಇದೇನು ಪ್ರಶ್ನೆ ಅನ್ನಿಸಿತು. ತಲೆ ಎತ್ತಿ ನೋಡಿದೆ. ಮಾವ ಕಿಟಕಿಯ ಆ ಬದಿ, ನನ್ನ ಸ್ಟೂಲು ಈ ಬದಿ, ನಡುವೆ ಮೇಜು. ಆರು ವರ್ಷದಿಂದ ಹೀಗೇ ಎದುರುಬದುರು. ಮಾವನ ಕೈಯನ್ನೇ ನೋಡಿದೆ. ಪ್ರತಿ ಸಾಲು ಮುಗಿದಾಗ ಸೂಜಿ ಒಂದು ಎಳೆ ಬಾಗಿಲ ಕಡೆಗೆ ಸರಿಯುತ್ತಿತ್ತು. ನಾನೂ ಹಾಗೇ ಮಾಡುತ್ತೇನೆ, ಪ್ರತಿ ಸಾಲಿಗೂ ಒಂದು ಎಳೆ ಬಾಗಿಲ ಕಡೆಗೆ. ಆದರೆ ಬಾಗಿಲು ಮಾವನ ಬಲಕ್ಕಿದೆ, ನನ್ನ ಎಡಕ್ಕಿದೆ.

ಕನ್ನಡಿ ನೋಡಿಕೊಂಡು ಬೈತಲೆ ತೆಗೆದ ಹಾಗೆ, ಅವನು ಮಾಡಿದ್ದನ್ನೆಲ್ಲ ನಾನು ಉಲ್ಟಾ ಕಲಿತಿದ್ದೆ. ಸಾದಾ ಬಟ್ಟೆಯಲ್ಲಿ ಎಡವಾದರೇನು ಬಲವಾದರೇನು, ಗೊತ್ತಾಗುವುದಿಲ್ಲ. ಓರೆ ನೇಯ್ಗೆಯಲ್ಲಿ ಬಟ್ಟೆಯ ಗೆರೆ ಒಂದು ಕಡೆ ಇಳಿದರೆ ನನ್ನ ಗೆರೆ ಇನ್ನೊಂದು ಕಡೆ ಇಳಿಯುತ್ತಿತ್ತು. ನೆರಳು ಬೀಳದೆ ಇನ್ನೇನು?

"ಮಾವ" ಅಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. ಅಜ್ಜಿಯ ಪ್ರಶ್ನೆ ಓದಿ ಹೇಳಿದೆ. ಬಾಗಿಲಿನ ವಿಷಯವನ್ನೂ ಹೇಳಿದೆ. ಒಂದೇ ಉಸಿರಿಗೆ ನಾನು ಅಷ್ಟು ಮಾತಾಡಿದ್ದು ಆ ಅಂಗಡಿಯಲ್ಲಿ ಅದೇ ಮೊದಲು.

ಮಾವ ಬಾಗಿಲು ನೋಡಿದ, ನನ್ನನ್ನು ನೋಡಿದ.

"ಹಿಂಬದಿ ನೋಡಿ ಹೇಳಿದ್ಲಾ ಆಯಮ್ಮ?"

"ಹೂಂ."

"ನಿನ್ನ ಕೋಟು ಕೊಡು."

ಕೊಟ್ಟೆ. ತೋಳಿಗೆ ಕೈ ಹಾಕಿದವನು ತಡೆದು ನಿಂತ. "ತಿರುಗಿಸ್ಲಾ?" ಎಂದು ಕೇಳಿದ.

ನನ್ನ ಅಪ್ಪಣೆ ಕೇಳುತ್ತಿದ್ದಾನೆ ಎಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. "ತಿರುಗಿಸು ಮಾವ" ಅಂದೆ.

ಭೂತಗನ್ನಡಿ ಹಿಡಿದು ಎಳೆ ಎಳೆಯಾಗಿ ನೋಡಿದ. ಅವನ ಭುಜ ಅಲುಗತೊಡಗಿತು. ಬೈಯುತ್ತಾನೇನೋ ಅಂದುಕೊಂಡೆ, ನೋಡಿದರೆ ನಗು.

"ಆರು ವರ್ಷ ಬಾಗಿಲ ಕಡೆಗೇ ಹೊರಟಿದ್ದೀಯಲ್ಲೇ ಪೆದ್ದಿ" ಅಂದ. ಕಣ್ಣು ಒರೆಸಿಕೊಂಡ. ಆಮೇಲೆ ಮೆಲ್ಲಗೆ, "ಪೆದ್ದಿ ನೀನಲ್ಲ. ನೀನು ನೋಡಿದ್ದನ್ನ ನೋಡಿದ ಹಾಗೇ ಕಲಿತಿದ್ದೀಯ. ಕೂರಿಸಿದ ಜಾಗ ತಪ್ಪು, ಕೂರಿಸಿದವನು ನಾನು" ಅಂದ. ಕಾಲಿನಿಂದಲೇ ನನ್ನ ಸ್ಟೂಲು ಎಳೆದು ತನ್ನ ಪಕ್ಕ ಹಾಕಿಕೊಂಡ. "ಇಲ್ಲಿ ಬಾ."

ಅವತ್ತು ಮೊದಲ ಸಲ ಮಾವನ ಕೈಗಳನ್ನು ಮಾವ ನೋಡುವ ಕಡೆಯಿಂದ ನೋಡಿದೆ.

ಕೈಗೆ ಅಂಟಿದ್ದು ಒಂದೇ ದಿನಕ್ಕೆ ಬಿಡುತ್ತದೆಯೇ? ಸೂಜಿ ಮತ್ತೆ ಮತ್ತೆ ಎಡಕ್ಕೆ ಓಡುತ್ತಿತ್ತು. ಮಾವ ತನ್ನ ಕೆಲಸದಿಂದ ತಲೆ ಎತ್ತದೆ, "ಎಲ್ಲಿಗೆ ಹೊರಟೆ? ಇನ್ನೂ ಊಟ ಆಗಿಲ್ಲ" ಅನ್ನುತ್ತಿದ್ದ. ಐದು ವಾರ ಹಳೆಯ ತುಂಡುಗಳ ಮೇಲೆ ಮಾಡಿದೆ. ಹೋದ ಬುಧವಾರ ಒಬ್ಬ ಪಿಟೀಲು ನುಡಿಸುವವರ ಕಪ್ಪು ಕೋಟು, ಪೂರಾ ಓರೆ ನೇಯ್ಗೆಯದು, ನನ್ನ ಕಡೆಗೆ ಬಂತು. ಗಲ್ಲಕ್ಕೆ ಒತ್ತಿ ಹಿಡಿದ ಪಿಟೀಲು ಉಜ್ಜಿ ಉಜ್ಜಿ ಎಡಭುಜದ ಹತ್ತಿರ ಸವೆದಿತ್ತು. ಮಾಡಿ ಮುಗಿಸಿ ಇಬ್ಬರೂ ಹೊಸ ಗಾಜಿನ ಹತ್ತಿರ ಹಿಡಿದು ನೋಡಿದೆವು. ಓರೆ ಮಾಡಿದೆವು, ಇನ್ನಷ್ಟು ಓರೆ ಮಾಡಿದೆವು. ನೆರಳಿಲ್ಲ. ಗಿರಾಕಿ ಬಂದಾಗ ಮಾವ, "ನನಗೆ ಹೇಳಬೇಡಿ, ಇವಳದು" ಅಂದ. ನಾನು ನೆಲ ನೋಡಿದೆ, ಆದರೆ ನಗುತ್ತಾ ನೋಡಿದೆ.

ಬ್ಲಾಗು ನಿಲ್ಲಲಿಲ್ಲ. ನಿಲ್ಲುವ ಮಾತಿರಲಿ, ಈಗ ಮಾವನೇ ಅದರ ಹಿಂದೆ ಬಿದ್ದಿದ್ದಾನೆ. ತಾನು ಹೇಳುತ್ತಾನೆ, ನಾನು ಒತ್ತಬೇಕು. ಪ್ರಶ್ನೆ ಮಾತ್ರ ಕೇಳಬೇಕು ಎಂದು ಕಟ್ಟಳೆ ಹೇಳಿದೆ. ಅದಕ್ಕೆ ಬೈಗುಳವನ್ನೇ ಪ್ರಶ್ನೆ ಮಾಡುವುದು ಕಲಿತಿದ್ದಾನೆ. "ಮೂರನೇ ಸಾಲಿನಲ್ಲಿ ಎಳೆ ಅಷ್ಟು ಬಿಗಿಯಾಗಿ ಎಳೆದದ್ದು ಯಾರ ಮೇಲಿನ ಸಿಟ್ಟಿಗೆ?" ಎಂದು ನನ್ನದರ ಕೆಳಗೆ ನನ್ನಿಂದಲೇ ಬರೆಸಿದ. ಕೋಟಜ್ಜಿಗೂ ಅವನಿಗೂ ಎಳೆಯ ಬಾಲ ಎಷ್ಟು ಉದ್ದ ಬಿಡಬೇಕು ಎಂಬ ಬಗ್ಗೆ ಮೂರು ವಾರದಿಂದ ಜಟಾಪಟಿ ನಡೆದಿದೆ. 'ತಾವು ದಾರ ಉಳಿಸಿ ಮಹಡಿ ಕಟ್ಟಿಸಿದ್ದೀರೇ?' ಎಂದು ಅಜ್ಜಿ ಕೇಳಿದ ದಿನ ಮಾವ ಟೀ ಅಂಗಡಿಯವರೆಗೂ ಹೋಗಿ ಹೇಳಿಕೊಂಡು ನಕ್ಕು ಬಂದ. ಹದಿನೈದು ದಿನದ ಹಿಂದೆ ತನ್ನ ಕೆಲಸವೊಂದನ್ನು ತಾನೇ ತಿರುಗಿಸಿ ಮೇಜಿನ ಮೇಲೆ ಇಟ್ಟು, "ತೆಗಿ ಫೋಟೊ. ಮುಖ ಬೇಡ, ಕೈ ಸಾಕು" ಅಂದ. ಅದಾದಮೇಲೆ ಎಲ್ಲೆಲ್ಲಿಯವರೋ ಹನ್ನೊಂದು ಜನ ತಮ್ಮ ತಮ್ಮ ಹಿಂಬದಿಯ ಫೋಟೊ ಕಳಿಸಿ, ಇದು ಯಾಕೆ ಹೀಗೆ, ಅದು ಯಾಕೆ ಹಾಗೆ ಎಂದು ಕೇಳಿದ್ದಾರೆ. ಗೊತ್ತಿದ್ದದ್ದಕ್ಕೆ ಉತ್ತರ ಬರೆಯುತ್ತೇನೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದು ಬರೆಯುತ್ತೇನೆ, ಯಾರಾದರೂ ಹೇಳುತ್ತಾರೆ.

ಟೀಚರಿಗೆ ಪಾಠ ಹೇಳುವಷ್ಟು ದೊಡ್ಡವಳಲ್ಲ ನಾನು. ಆದರೂ ಕೇಳಿದ್ದೀಯ ಎಂದು ಹೇಳುತ್ತೇನೆ. ನಿನ್ನ ಮಕ್ಕಳು ತಮಗೆ ಬಾರದ್ದನ್ನೂ ಬರೆಯಲಿ. ಅವರಿಗೆ ಕಂಪ್ಯೂಟರು ಒಂದೆರಡು ಕಡಿಮೆಯೇ ಇರಲಿ, ಪಕ್ಕದಲ್ಲಿ ಒಬ್ಬರು ಕೂತಿದ್ದರೆ ಒಳ್ಳೆಯದು. ಮತ್ತೆ, ನೀನು ಯಾವಾಗಲೂ ಅವರ ಎದುರಿಗೆ ನಿಂತಿರುತ್ತೀಯಲ್ಲ, ಒಮ್ಮೊಮ್ಮೆ ಹೋಗಿ ಅವರ ಬೆಂಚಿನಲ್ಲಿ ಕೂರು.

ಅಮ್ಮ ನಿನಗೂ ಭಾವನಿಗೂ ಮಗುವಿಗೂ ಆಶೀರ್ವಾದ ಹೇಳಿದ್ದಾಳೆ. ಮಗುವಿನ ಸ್ವೆಟರು ಹರಿದರೆ ಎಸೆಯಬೇಡ, ಇಲ್ಲಿಗೆ ಕಳಿಸು ಎಂದು ಮಾವ ಹೇಳಿದ್ದಾನೆ. ನೀವೆಲ್ಲ ಸುಖವಾಗಿರಿ, ನಿನ್ನ ತರಗತಿಯಲ್ಲಿ ಯಾವಾಗಲೂ ಗಲಾಟೆ ಇರಲಿ. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ ತಂಗಿ,
ಮೂಗಿ
(ನೀನೇ ಇಟ್ಟ ಹೆಸರು, ಈಗ ಅಷ್ಟೊಂದು ಒಪ್ಪುವುದಿಲ್ಲ)

ಮರೆತಿದ್ದೆ: ಮರೆತಿರಲಿಲ್ಲ, ಹೆಸರು ಬರೆಯದೆ ಪತ್ರ ಮಡಚಿಬಿಟ್ಟಿದ್ದೆ. ಈಗ ಮತ್ತೆ ಬಿಡಿಸಿದ್ದೇನೆ. ಬ್ಲಾಗಿನ ಹೆಸರು 'ಹಿಂಬದಿ'. ಓದು.

ಎರಡು ತಿಂಗಳು ಯಾಕೆ ಹಿಡಿಯಿತು ಎಂದೂ ಹೇಳಿಬಿಡುತ್ತೇನೆ. ನೀನು ಕೆಲಸಕ್ಕೆ ಸೇರಿದ ವರ್ಷ ನಾನು ನಿನಗೆ ಒಂದು ಪತ್ರ ಬರೆದಿದ್ದೆ, ಎರಡು ಪುಟ. ಅಮ್ಮ ಐದು ವರ್ಷದ ಮೇಲೆ ಹಾಸಿಗೆಯಿಂದ ಎದ್ದು, ಗೋಡೆ ಹಿಡಿದುಕೊಂಡು ಬಾಗಿಲವರೆಗೆ ನಡೆದ ದಿನ ಬರೆದದ್ದು. ನೀನು ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಕೊನೆಯಲ್ಲಿ 'ತಪ್ಪು ಇಪ್ಪತ್ತೇಳು' ಎಂದು ಬರೆದು ವಾಪಸು ಕಳಿಸಿದೆ. ನನ್ನ ಒಳ್ಳೆಯದಕ್ಕೇ ಮಾಡಿದೆ ಎಂದು ನನಗೆ ಗೊತ್ತು. ಇಪ್ಪತ್ತೇಳನ್ನೂ ನಾನು ಕಲಿತುಕೊಂಡೆ. ಆದರೆ ಅಮ್ಮ ನಡೆದದ್ದರ ಬಗ್ಗೆ ನೀನು ಏನನ್ನೂ ಕೇಳಿರಲಿಲ್ಲ ಅಕ್ಕ. ಆಮೇಲೆ ಏಳು ವರ್ಷ ನಾನು ಯಾರಿಗೂ ಒಂದು ಸಾಲು ಬರೆಯಲಿಲ್ಲ. ನೀನು ಫೋನು ಮಾಡಿದಾಗಲೂ ಊಟ ಆಯ್ತಾ ಎಂದು ಕೇಳಿ ಅಮ್ಮನ ಕೈಗೆ ಕೊಟ್ಟುಬಿಡುತ್ತಿದ್ದೆ.

ಈ ಹಾಳೆಗಳನ್ನೂ ವಾಪಸು ಕಳಿಸು. ಕೆಂಪು ಶಾಯಿಯಾದರೂ ಪರವಾಗಿಲ್ಲ. ಒಂದೊಂದು ಹಾಳೆಗೆ ಒಂದೊಂದು ಪ್ರಶ್ನೆ ಕೇಳಿ ಕಳಿಸು. ಇವತ್ತು ಬೆಳಿಗ್ಗೆ ಬರೆಯಲು ಕೂರುವ ಮೊದಲು, ಬಟ್ಟೆಗೆ ಗುರುತು ಹಾಕುವ ನೀಲಿ ಪೆನ್ಸಿಲಿನಿಂದ ಪ್ರತಿ ಹಾಳೆಯ ಕೆಳಗೂ ಒಂದು ಗೆರೆ ಎಳೆದು, ನಿನಗೆಂದು ನಾಲ್ಕು ಬೆರಳು ಜಾಗ ಬಿಟ್ಟೆ.